ಹಿಂದಿನ ಆವೃತ್ತಿ

ಕಳೆದ ಭಾನುವಾರ, ದೆಹಲಿಯ ನಮ್ಮ ಸರ್ಕಾರಿ ವಸತಿಗೃಹದಲ್ಲಿ, ಮಗನ ಗೇಮಿಂಗ್ ಲ್ಯಾಪ್‌ಟಾಪಿಗೆ ಹೊಸ ಗ್ರಾಫಿಕ್ಸ್ ಡ್ರೈವರ್ ಅಳವಡಿಸಿದೆವು. ಪರದೆ ಕಪ್ಪಾಯಿತು. ಇನ್ನಾದರೂ ಓದಿಯಾನೆಂದು ನಾವು ಒಳಗೊಳಗೇ ಹಿಗ್ಗಿದೆವು. ಧಾರವಾಡದಲ್ಲಿ ದೊಡ್ಡಪ್ಪನ ಮಗ ಆಟಕ್ಕೆ ಕಾದಿರುವನೆಂದು ಅವನು ಹಿಂದಿಯಲ್ಲಿ ಅಲವತ್ತುಕೊಂಡ. ಆಗ ಹೊಳೆಯಿತು: ನಮ್ಮ ಕನ್ನಡಕ್ಕೆ ಹಿಂದಿಯಲ್ಲೇ ಉತ್ತರಿಸುವ ಮಗ, ವಾರಕ್ಕೊಮ್ಮೆ ಬಾಯ್ತುಂಬ ಕನ್ನಡವಾಡುವುದು ಆ ಆಟದಲ್ಲಿ ಮಾತ್ರ.

ಕನಿಷ್ಠ ಡ್ರೈವರುಗಳಿಂದಲೇ ನಡೆಯುವ ಸೇಫ್ ಮೋಡಿನಲ್ಲಿ ಪರದೆ ಮತ್ತೆ ಬೆಳಗಿತು. ಡಿವೈಸ್ ಮ್ಯಾನೇಜರಿನಲ್ಲಿ ಡಿಸ್‌ಪ್ಲೇ ಅಡಾಪ್ಟರಿನ ಪ್ರಾಪರ್ಟೀಸ್ ತೆರೆದು 'ರೋಲ್ ಬ್ಯಾಕ್ ಡ್ರೈವರ್' ಒತ್ತಿದೆವು. ಹಿಂದಿನ ಆವೃತ್ತಿ ಮರಳಿತು. ಹೊಸದನ್ನು ಹಾಕುವಾಗ ಹಳೆಯದನ್ನು ಯಂತ್ರ ಅಳಿಸದೆ ಕಾಪಿಟ್ಟಿತ್ತು.

ಆ ರಾತ್ರಿ ಓದಲು ಹೇಳಹೋದ ನಮಗೆ ಕದದಾಚೆಯಿಂದ ಕೇಳಿಸಿತು: "ಹಿಂದ ನೋಡೋ ಅಣ್ಣಾ, ಹಿಂದ!" ಕದ ತಟ್ಟದೆ ಹಿಂತಿರುಗಿದೆವು.