ಅಕ್ಕನ ಸಂದರ್ಶನಕ್ಕೆ ನಾನೇ ಪ್ರೊಫೆಸರು

ಗೆಳೆಯರೇ, ಬೇಸಿಗೆ ರಜೆಯಲ್ಲಿ ನೀವೆಲ್ಲ ದಿವ್ಯಲಿಂಗೇಶ್ವರ ದೇವಸ್ಥಾನದ ಹತ್ತಿರ ಕ್ರಿಕೆಟ್ ಆಡುತ್ತಿದ್ದಾಗ ನಾನು ನಮ್ಮ ಮನೆ ಜಗಲಿ ಮೇಲೆ ಪ್ರೊಫೆಸರ್ ಆಗಿದ್ದೆ. ನಗಬೇಡಿ, ನಿಜ. ನಮ್ಮಕ್ಕನಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಸಂದರ್ಶನದ ಕರೆ ಬಂದಿತ್ತು. ಅಭ್ಯಾಸಕ್ಕೆ ಎದುರು ಕೂತು ಪ್ರಶ್ನೆ ಕೇಳುವವರು ಯಾರಾದರೂ ಬೇಕಲ್ಲ, ನಾನು ಸಿಕ್ಕಿದೆ.

ಆ ಸಂಸ್ಥೆ ಶುರುವಾದದ್ದು 1909ರಲ್ಲಿ. ಜಮ್‌ಷೆಡ್‌ಜಿ ಟಾಟಾ ಅವರು ಕನಸು ಕಂಡು ಆಸ್ತಿ ಕೊಟ್ಟರು, ನಮ್ಮ ಮೈಸೂರು ಮಹಾರಾಜರು 371 ಎಕರೆ ಜಾಗ ಕೊಟ್ಟರು. ಅದಕ್ಕೇ ಬೆಂಗಳೂರಿನವರು ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯೋದು. ಅಲ್ಲಿ ಬಿ.ಎಸ್ಸಿ. ಮುಗಿಸಿದವರಿಗೆ ಇಂಟಿಗ್ರೇಟೆಡ್ ಪಿಎಚ್.ಡಿ. ಇದೆ. ಮೊದಲು ಜಾಮ್ ಎಂಬ ಪರೀಕ್ಷೆ: ಮೂರು ಗಂಟೆ, 60 ಪ್ರಶ್ನೆ, 100 ಅಂಕ, ಎಲ್ಲಾ ಇಂಗ್ಲಿಷಿನಲ್ಲಿ. ಅದರಲ್ಲಿ ಮುಂದೆ ಬಂದವರಿಗೆ ಸಂದರ್ಶನ. ಸೇರಿದವರಿಗೆ ತಿಂಗಳು ತಿಂಗಳು ವಿದ್ಯಾರ್ಥಿವೇತನ. ಅಪ್ಪ ಒಪ್ಪಿದ್ದು ಈ ಕೊನೆಯ ಮಾತಿಗೆ. ಸೀಟು ಸಿಗದಿದ್ದರೆ ಗುಂಡ್ಲುಪೇಟೆ ಕಡೆಯ ಒಂದು ಸಂಬಂಧ ಕಾದಿತ್ತು. ಆ ಮಾತು ಬಂದಾಗಲೆಲ್ಲ ಅಕ್ಕ ಕೇಳಿಸದವಳ ಹಾಗೆ ಇರುತ್ತಿದ್ದಳು. (ಇದನ್ನು ಬರೀಬಹುದು ಅಂತ ಅವಳೇ ಹೇಳಿದಳು.)

ಅಕ್ಕ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಇದೇ ನಮ್ಮ ಶಾಲೆ. ಆಮೇಲೆ ಮೈಸೂರಿನಲ್ಲಿ ರಸಾಯನಶಾಸ್ತ್ರ. ವಿಷಯವೆಲ್ಲ ಗೊತ್ತು, ಆದರೆ ಇಂಗ್ಲಿಷಿನಲ್ಲಿ ಬಾಯಿಬಿಟ್ಟು ಹೇಳು ಅಂದರೆ ಗಂಟಲು ಕಟ್ಟುತ್ತಿತ್ತು. ನಾನು ಅವಳ ನೋಟ್ಸಿನಿಂದ ಪ್ರಶ್ನೆ ಓದೋದು, ಅವಳು ಹಳೇ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದು ಹೇಳೋದು. ಉತ್ತರ ಸರಿಯೋ ತಪ್ಪೋ ನನಗೆಲ್ಲಿ ಗೊತ್ತು? ತಲೆ ಆಡಿಸುತ್ತಿದ್ದೆ. ನಾಲ್ಕು ದಿನ ಗಿಣಿಪಾಠವೇ ಆಯ್ತು.

ಐದನೇ ದಿನ ಅಜ್ಜಿ ಅರಿಶಿನದ ಕೊಂಬು ಆರಿಸುತ್ತಾ ಪಕ್ಕದಲ್ಲೇ ಕೂತಿತ್ತು. "ಅದೇನಮ್ಮಿ ಆಗ್ಲಿಂದ ಒಂದೇ ಸಮ ಒಪ್ಪಿಸ್ತಿದ್ದೀಯ? ನಾನೊಂದ್ ಕೇಳ್ತೀನಿ ಹೇಳು. ಆರತಿ ನೀರ್ಗೆ ಅರಿಶಿನ ಕಲಸಿ ಸುಣ್ಣ ಹಾಕುದ್ರೆ ಕೆಂಪಾಯ್ತದಲ್ಲ, ಯಾಕೆ?" ಅಂತು.

ನಮ್ಮ ಹತ್ತನೇ ತರಗತಿ ವಿಜ್ಞಾನ ಪುಸ್ತಕದಲ್ಲೂ ಇಂಥದ್ದು ಇದೆ, ಬಟ್ಟೆ ಮೇಲಿನ ಸಾರಿನ ಕಲೆಗೆ ಸೋಪು ಹಾಕಿದರೆ ಕೆಂಪಾಗೋದು. ಸೋಪು ಪ್ರತ್ಯಾಮ್ಲ ಅಂತ ಬರೆದರೆ ನಮಗೆ ಅಂಕ ಸಿಗುತ್ತೆ. ಅಜ್ಜಿಗೆ ಅಷ್ಟು ಸಾಲಲಿಲ್ಲ. ಅಕ್ಕ ಕನ್ನಡದಲ್ಲೇ ಶುರು ಮಾಡಿದಳು. ಅರಿಶಿನದ ಬಣ್ಣ ಕರ್ಕ್ಯುಮಿನ್ ಎಂಬ ವಸ್ತುವಿನದು. ಸುಣ್ಣದ ನೀರು ಅದರ ಅಣುವಿನಿಂದ ಹೈಡ್ರೋಜನ್ ಅಯಾನನ್ನು ಕಿತ್ತುಕೊಳ್ಳುತ್ತೆ. ಆಗ ಅಣುವಿನಲ್ಲಿ ಎಲೆಕ್ಟ್ರಾನುಗಳು ಹರಡಿರುವ ರೀತಿ ಬದಲಾಗುತ್ತೆ, ಅದು ಹೀರುವ ಬೆಳಕೂ ಬದಲಾಗುತ್ತೆ. ಹೀರದೆ ಬಿಟ್ಟ ಬೆಳಕು ನಮ್ಮ ಕಣ್ಣಿಗೆ ಕೆಂಪು.

"ಅಂಗಾರೆ ನಿಂಬೆಹಣ್ಣು ಹಿಂಡುದ್ರೆ?" ಅಂತು ಅಜ್ಜಿ. ಹಿಂಡಿ ನೋಡಿದೆವು. ತಿರುಗಿ ಹಳದಿ! ಅಷ್ಟರಲ್ಲಿ ಅಪ್ಪನೂ ಬಂದು ಕೂತರು. ಕಿತ್ತ ಅರಿಶಿನವನ್ನು ಬೇಯಿಸೋದು ಯಾಕೆ ಅಂತ ಅವರ ಪ್ರಶ್ನೆ. ಬೇಯಿಸಿದರೆ ಒಳಗಿನ ಪಿಷ್ಟ ಗಂಜಿ ಥರ ಆಗುತ್ತೆ, ಬಣ್ಣ ಸಮನಾಗುತ್ತೆ, ಬೇಗ ಒಣಗುತ್ತೆ, ಮೊಳಕೆ ಬರೋದಿಲ್ಲ. ಒಂದೊಂದು ಉತ್ತರಕ್ಕೂ ಇಬ್ಬರೂ ಮತ್ತೊಂದು "ಯಾಕೆ" ಹಾಕೋರು. ನನಗಿಂತ ಅವರೇ ಒಳ್ಳೆ ಪ್ರೊಫೆಸರು ಅನ್ನಿ. ಹಗಲು ಕನ್ನಡದಲ್ಲಿ ಗಟ್ಟಿಯಾದದ್ದನ್ನು ಅಕ್ಕ ರಾತ್ರಿ ಇಂಗ್ಲಿಷಿನಲ್ಲಿ ಸಣ್ಣ ಸಣ್ಣ ವಾಕ್ಯ ಮಾಡಿ ಹೇಳೋಳು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂತ ನೆಟ್ಟಗೆ ಹೇಳೋದೂ ರೂಢಿಯಾಯ್ತು.

ಅಪ್ಪನ ಜೊತೆ ಹೋಗಿ ಬಂದಳು. ಬೋರ್ಡಿನ ಮುಂದೆ ನಿಲ್ಲಿಸಿ ಕೇಳಿದರಂತೆ. ಅರಿಶಿನದ ಪ್ರಶ್ನೆ ಬರಲಿಲ್ಲ ಬಿಡಿ, ಸಿನಿಮಾದಲ್ಲಾದರೆ ಬಂದಿರೋದು. ಆದರೆ ಅವಳು ಕೊಟ್ಟ ಉತ್ತರದ ಮೇಲೇ "ಯಾಕೆ", ಅದರ ಮೇಲೆ ಇನ್ನೊಂದು "ಯಾಕೆ". ಎರಡಕ್ಕೆ ಗೊತ್ತಿಲ್ಲ ಅಂದಳಂತೆ. ಕೇಳಿದವರ ಮುಖ ನೋಡಿದರೆ ಏನೂ ತಿಳಿಯಲಿಲ್ಲವಂತೆ.

ನಾನು ಇದನ್ನು ಬರೆಯುವ ಹೊತ್ತಿಗೆ ಫಲಿತಾಂಶ ಬಂದಿಲ್ಲ. ಸಂಬಂಧದವರಿಗೆ ಅಪ್ಪ "ವಸಿ ತಡೀರಿ" ಅಂದಿದ್ದಾರೆ. ಅಕ್ಕ ಊರಲ್ಲೇ ಇದ್ದಾಳೆ. ವಿಜ್ಞಾನದಲ್ಲಿ ಏನಾದ್ರೂ ಕೇಳಬೇಕಿದ್ರೆ ಭಾನುವಾರ ಸಂಜೆ ನಮ್ಮ ಜಗಲಿಗೆ ಬನ್ನಿ. ಅಜ್ಜಿನೂ ಇರುತ್ತೆ, ನಿಮ್ಮನ್ನೂ ಕೇಳುತ್ತೆ, ತಯಾರಾಗಿ ಬನ್ನಿ.

– 10ನೇ ತರಗತಿ ವಿದ್ಯಾರ್ಥಿ