ಮುರುಗಲ ಸಿಪ್ಪೆ

ಮೇ ತಿಂಗಳ ಬಿಸಿಲನ್ನು ಬೈಯುವವರು ಮುರುಗಲು ಒಣಗಿಸಿದವರಲ್ಲವೆಂದು ಧಾರಾಳವಾಗಿ ಹೇಳಬಹುದು. ನಮ್ಮ ಉತ್ತರ ಕನ್ನಡದ ಘಟ್ಟದ ಮೇಲಿನವರಿಗೆ ಆ ಬಿಸಿಲು ಎಷ್ಟಿದ್ದರೂ ಸಾಲದು. ದಕ್ಷಿಣ ಕನ್ನಡದವರು ಪುನರ್ಪುಳಿಯೆಂದು ಕರೆಯುವ ಈ ಹಣ್ಣು ಏಪ್ರಿಲಿನಲ್ಲಿ ಕೆಂಪಾಗತೊಡಗಿ, ಮರದ ತುಂಬ ಮಾಗುವ ಹೊತ್ತಿಗೆ ಮಳೆಗಾಲ ಬಾಗಿಲಲ್ಲಿ ಬಂದು ನಿಂತಿರುತ್ತದೆ. ನಡುವೆ ಸಿಕ್ಕುವ ನಾಲ್ಕು ದಿನಗಳಲ್ಲಿ ವರ್ಷದ ಹುಳಿಯನ್ನು ಸಂಪಾದಿಸಿಕೊಳ್ಳಬೇಕು.

ಕೆಲಸ ನೋಡುವುದಕ್ಕೆ ಸುಲಭ. ಹಣ್ಣನ್ನು ತೊಳೆದು, ಒಡೆದು, ಬೀಜವನ್ನೂ ತಿರುಳನ್ನೂ ಬೇರೆ ತೆಗೆಯುವುದು. ಸಿಪ್ಪೆಯನ್ನು ಚಾಪೆಯ ಮೇಲೆ ಹರಡುವುದು. ತಿರುಳಿನ ರಸಕ್ಕೆ ಉಪ್ಪು ಬೆರೆಸಿಟ್ಟು, ಸಂಜೆ ಸಿಪ್ಪೆಯನ್ನು ಅದರಲ್ಲಿ ಅದ್ದಿ, ಮರುದಿನ ಮತ್ತೆ ಬಿಸಿಲಿಗೆ ಹಾಕುವುದು. ಹೀಗೆ ಐದಾರು ದಿನ ಕುಡಿದು ಒಣಗಿ, ಕುಡಿದು ಒಣಗಿ, ಸಿಪ್ಪೆ ಕೆಂಪು ಕಳೆದು ಕಪ್ಪಾಗುತ್ತದೆ; ತೊಗಲಿನಂತೆ ಬಾಗುತ್ತದೆ. ಬೀಜವೂ ವ್ಯರ್ಥವಲ್ಲ. ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಮೇಲೆ ತೇಲುವ ಜಿಡ್ಡು ತಣಿದು ಗಟ್ಟಿಯಾಗುತ್ತದೆ. ಅದೇ ಮುರುಗಲು ತುಪ್ಪ. ಒಡೆದ ಹಿಮ್ಮಡಿಗೆ ಅದಕ್ಕಿಂತ ಮದ್ದಿಲ್ಲವೆಂದು ನಮ್ಮ ಆಯಿಯ ಮತ.

1998ರ ಮೇ ತಿಂಗಳು. ಕಾಲೇಜಿಗೆ ರಜೆ; ನಾನು ಊರಿಗೆ ಬಂದಿದ್ದೆ. ಅಪ್ಪಯ್ಯ ನೆಂಟರೂರಿಗೆ ಹೋಗಿದ್ದ. ನೆರೆಮನೆಯ ಮದುವೆಗೆ ಹೊರಟ ಆಯಿ, "ಮೋಡ ಕಂಡರೆ ಚಾಪೆ ಒಳಗೆಳಿ ತಮಾ" ಎಂದಳು. ನಾನು ಹೂಂ ಎಂದೆ. ಕೈಯಲ್ಲಿ ಕಾದಂಬರಿಯಿತ್ತು. ಗುಡುಗಿದ್ದು ಕಾದಂಬರಿಯ ಒಳಗೋ ಹೊರಗೋ ತಿಳಿಯಲಿಲ್ಲ. ತಲೆಯೆತ್ತಿದಾಗ ಅಂಗಳದಲ್ಲಿ ಕೆಂಪು ನೀರು ಹರಿಯುತ್ತಿತ್ತು. ಐದು ದಿನಗಳ ಬಿಸಿಲು, ಆಯಿಯ ಬೆನ್ನುನೋವು, ವರ್ಷದ ಸಾರು ಎಲ್ಲವೂ ಕೂಡಿ ತೋಟದ ಕಡೆಗೆ ಹೊರಟಿದ್ದುವು.

ಆಯಿ ಬಂದು ನೋಡಿದಳು. ಬೈಯಲಿಲ್ಲ. ನೆನೆದ ಸಿಪ್ಪೆಗಳನ್ನು ಒಂದೊಂದಾಗಿ ಆರಿಸಿ, ಒಲೆಯ ಮೇಲಿನ ಅಟ್ಟದಲ್ಲಿ ಹರಡಿದಳು. ಆ ವರ್ಷವೆಲ್ಲ ನಮ್ಮ ಮನೆಯ ಸಾರಿಗೆ ಹೊಗೆಯ ವಾಸನೆ. ಒಂದು ದಿನ ಊಟದಲ್ಲಿ ಅಪ್ಪಯ್ಯ ಮುಖ ಸಿಂಡರಿಸಿದಾಗ, "ಈ ಸಲ ಬಿಸಿಲು ಸಾಲಲಿಲ್ಲ" ಎಂದಷ್ಟೇ ಆಯಿ ಹೇಳಿದಳು. ನನ್ನ ತಪ್ಪನ್ನು ಸೂರ್ಯನ ಮೇಲೆ ಹೊರಿಸಿ, ನನಗೆ ಇನ್ನೊಂದು ಸೌಟು ಬಡಿಸಿದಳು. ತಲೆ ತಗ್ಗಿಸಿ ಉಂಡೆ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೋ ಏನೋ.

ಈಗ ಆಯಿಗೆ ಮಂಡಿನೋವು, ಅಂಗಳಕ್ಕಿಳಿಯಲಾರಳು. ಕಳೆದ ಬೇಸಗೆಯಲ್ಲಿ ಮುರುಗಲು ಒಡೆದು ಒಣಗಿಸಿದವನು ನಾನು. ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚದೆ, ಜಗಲಿಯಲ್ಲಿ ಅವಳ ಪಕ್ಕ ಕುಳಿತು ಆಕಾಶವನ್ನೇ ನೋಡುತ್ತಿದ್ದೆ.

"ಒಳಗೆ ಹೋಗಿ ಓದಿಕೊ ತಮಾ. ಮೋಡ ಬಂದರೆ ನಾನು ಕರೆಯುತ್ತೇನೆ" ಎಂದಳು.

ಅವಳಿಗೆ ಈಗ ಅಂಗಳದ ತುದಿಯೇ ಸರಿಯಾಗಿ ಕಾಣುವುದಿಲ್ಲ. ನಾನು ಹೂಂ ಎಂದೆ, ಆದರೆ ಏಳಲಿಲ್ಲ.