ನಾಲ್ಕು ತಾಲೂಕಿನ ಬೇಲಿ

ನಾನು ಕನ್ನಡ ಕಲಿಸುವವನು. ಕರಾರುಪತ್ರ ಓದುವುದು ನನ್ನ ಕಸುಬಲ್ಲ. ಆದರೆ ಸಣ್ಣ ಊರಿನಲ್ಲಿ ಕಾಲೇಜಿನ ಮಾಸ್ತರನೆಂದರೆ ಅರ್ಜಿ, ನೋಟೀಸು, ಲಗ್ನಪತ್ರಿಕೆ ಎಲ್ಲವನ್ನೂ ಓದಬಲ್ಲವನೆಂದು ಜನ ನಂಬಿರುತ್ತಾರೆ. ಹಾಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹನ್ನೊಂದು ಪುಟದ ಇಂಗ್ಲಿಷ್ ಕಾಗದವೊಂದನ್ನು ತಂದು ನನ್ನ ಮುಂದೆ ಹಿಡಿದ. ಬೈಲಹೊಂಗಲದ ಒಂದು ಸಾಲದ ಕಂಪನಿಯಲ್ಲಿ ಅವನು ನಾಲ್ಕು ವರ್ಷ ದುಡಿದಿದ್ದಾನೆ. ಮಹಿಳಾ ಸಂಘಗಳಿಗೆ ಸಾಲ ಹಂಚುವುದು, ವಾರವಾರ ಕಂತು ವಸೂಲು ಮಾಡುವುದು ಅವನ ಕೆಲಸ. ಈಗ ಇನ್ನೊಂದು ಕಂಪನಿ ಆರು ಸಾವಿರ ಹೆಚ್ಚಿಗೆ ಕೊಡುತ್ತೇನೆಂದಿದೆ. ಅಡ್ಡ ಬಂದದ್ದು ಒಂಬತ್ತನೆಯ ಪುಟ. ಕೆಲಸ ಬಿಟ್ಟ ಮೇಲೆ ಎರಡು ವರ್ಷ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳಲ್ಲಿ ಸಾಲ ಕೊಡುವ ಯಾವ ಸಂಸ್ಥೆಯಲ್ಲೂ ಅವನು ಕೆಲಸ ಮಾಡತಕ್ಕದ್ದಲ್ಲ.

“ಹಂಗಾದ್ರ ನಾ ಎಲ್ಲಿಗೆ ಹೋಗ್ಲಿರಿ ಸರ? ಅವ್ವಗ ವಾರಕ್ಕೆರಡು ಸಲ ದವಾಖಾನಿ ಐತಿ. ಬಿಟ್ಟು ಹೋಗಾಕ ಆಗೂದಿಲ್ರಿ” ಎಂದ. ಕಾಗದದ ಕೊನೆಗೆ ಅವನ ಸಹಿ ಕನ್ನಡದಲ್ಲಿ, ದುಂಡಗೆ ಇತ್ತು. ಅದರ ಮೇಲಿನ ಹನ್ನೊಂದು ಪುಟಗಳಲ್ಲಿ ಇನ್ನೊಂದು ಕನ್ನಡ ಅಕ್ಷರವಿರಲಿಲ್ಲ.

ಇಷ್ಟು ಬಿಗಿಯಾದ ಬೇಲಿ ಹಾಕಲು ಅದರೊಳಗೆ ಅಂಥದೇನಿದೆ ಎಂದು ಅವನನ್ನೇ ಕೇಳಿದೆ. ಅರ್ಧ ತಾಸು ಮಾತಾಡಿದ. ಬೈಲಹೊಂಗಲದ ಸುತ್ತ ಹತ್ತಿ ಪೇಟೆಗೆ ಹೋದ ಮೇಲೆ ಕಂತು ತಾನಾಗಿ ಬರುತ್ತದೆ. ಮೊದಲೇ ಬಾಗಿಲು ಬಡಿದರೆ ಬೈಗುಳ ಬರುತ್ತದೆ. ಕಿತ್ತೂರಿನ ಕಡೆ ಕಬ್ಬಿನ ಬಿಲ್ಲು ಯಾವಾಗ ಕೈಗೆ ಬಂದೀತೆಂದು ದೇವರಿಗೂ ತಿಳಿಯದು, ಅಲ್ಲಿ ಕಾಯಬೇಕು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಜನ ಸೇರಿದಾಗ ಕಾಯಿ, ಕುಂಕುಮ, ಭಂಡಾರ ಮಾರುವ ಹೆಂಗಸರ ಕೈಯಲ್ಲಿ ರೊಕ್ಕ ಆಡುತ್ತದೆ. ಮಳೆಗಾಲದಲ್ಲಿ ಅವರನ್ನು ಕಾಡಬಾರದು. ರಾಮದುರ್ಗದ ನೇಕಾರರ ಓಣಿಯಲ್ಲಿ ಮಗ್ಗದ ಸಪ್ಪಳ ಕೇಳಿದರಷ್ಟೇ ಒಳಗೆ ಹೋಗಬೇಕು. ಸಪ್ಪಳವಿಲ್ಲವೆಂದರೆ ನೂಲು ಬಂದಿಲ್ಲ, ರೊಕ್ಕವೂ ಇಲ್ಲ.

ಇದು ಬೈಕಿನ ಗಾಲಿ ಸವೆಸಿ ಪಡೆದ ವಿದ್ಯೆ. ಸಾಲಗಾರರ ಹೆಸರು, ಫೋನ್ ನಂಬರುಗಳ ಪಟ್ಟಿ ಕಂಪನಿಯ ಸೊತ್ತು. ಅದನ್ನು ಹೊತ್ತುಕೊಂಡು ಹೋದರೆ ಕಳ್ಳತನವೆಂದು ಅವನಿಗೆ ಕಟುವಾಗಿಯೇ ಹೇಳಿದೆ. ಆದರೆ ಮಗ್ಗದ ಸಪ್ಪಳ ಗುರುತಿಸುವ ಕಿವಿಯನ್ನು ಎರಡು ವರ್ಷ ಒತ್ತೆ ಇಡುವುದು ಹೇಗೆ?

ಕಂಪನಿಯ ಮ್ಯಾನೇಜರರು ಇವನಿಗೆ ಅನ್ನದ ಋಣದ ಮಾತು ಆಡಿದರಂತೆ. ಹಳಗನ್ನಡ ಪಾಠ ಹೇಳುವ ನನಗೆ ‘ಜೋಳವಾಳಿ’ ನೆನಪಾಗದೆ ಇರುತ್ತದೆಯೇ! ಒಡೆಯನ ಜೋಳ ಉಂಡವನು ಆ ಋಣಕ್ಕೆ ತಲೆ ಕೊಡುವ ಧರ್ಮ ಅದು. ಕೃಷ್ಣ ರಾಜ್ಯವನ್ನೇ ತೋರಿಸಿದರೂ ಪಂಪನ ಕರ್ಣ ದುರ್ಯೋಧನನನ್ನು ಬಿಡಲಿಲ್ಲ. ತರಗತಿಯಲ್ಲಿ ಆ ಭಾಗ ಬಂದಾಗ ಇಂದಿಗೂ ನನ್ನ ಗಂಟಲು ಬಿಗಿಯುತ್ತದೆ. ಆದರೆ ಆ ಧರ್ಮದಲ್ಲಿ ಒಡೆಯನಿಗೂ ಒಂದು ಪಾಲಿತ್ತು. ಮಡಿದ ಆಳಿಗೆ ವೀರಗಲ್ಲು ನಿಲ್ಲಿಸುತ್ತಿದ್ದರು, ಮನೆಯವರಿಗೆ ಭೂಮಿ ಬಿಡುತ್ತಿದ್ದರು. ಎರಡು ವರ್ಷ ಸುಮ್ಮನೆ ಕೂಡ್ರು ಎನ್ನುವ ಈ ಕಾಗದದಲ್ಲಿ ಆ ಎರಡು ವರ್ಷದ ಜೋಳದ ಸುದ್ದಿಯೇ ಇಲ್ಲ. ಇನ್ನು ರನ್ನ, ರಾಮದುರ್ಗದಾಚೆಯ ಮುಧೋಳದ ಬಳೆಗಾರರ ಮಗ. ಗಂಗರ ಚಾವುಂಡರಾಯನ ಆಶ್ರಯದಲ್ಲಿದ್ದು ಚಾಲುಕ್ಯರ ಆಸ್ಥಾನಕ್ಕೆ ಬಂದ. ಬೇರೆ ಅರಸನನ್ನು ಹೊಗಳಕೂಡದೆಂದು ಚಾವುಂಡರಾಯ ಬರೆಸಿಕೊಂಡಿದ್ದರೆ ನಮ್ಮ ಪಠ್ಯಕ್ರಮ ಒಂದು ಗದಾಯುದ್ಧದಷ್ಟು ಹಗುರಾಗುತ್ತಿತ್ತು. ವಿದ್ಯಾರ್ಥಿಗಳು ಸಂತೋಷಪಡುತ್ತಿದ್ದರೇನೋ.

ಕಾವ್ಯದಿಂದ ನೌಕರಿ ಉಳಿಯದು. ಧಾರವಾಡದ ವಕೀಲ ಮಿತ್ರರನ್ನು ಕೇಳಿದೆ. ೧೮೭೨ರ ಕರಾರು ಕಾಯ್ದೆಯ ೨೭ನೆಯ ಕಲಮಿನ ಪ್ರಕಾರ ಕಾನೂನುಬದ್ಧ ಕಸುಬನ್ನು ಮಾಡದಂತೆ ತಡೆಯುವ ಕರಾರು ಅಷ್ಟರ ಮಟ್ಟಿಗೆ ಅಸಿಂಧು. ನೌಕರಿಯಲ್ಲಿರುವಾಗ ಎದುರಾಳಿಗೆ ದುಡಿಯಬಾರದೆಂಬ ಷರತ್ತು ನಡೆಯುತ್ತದೆ. ೧೯೬೭ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ. ಬಿಟ್ಟು ಹೋದ ಮೇಲೂ ಹಿಂಬಾಲಿಸುವ ಬೇಲಿ ನಿಲ್ಲದು. “ಆದರೆ ಬಾಂಡು ಬರೆದುಕೊಟ್ಟಾನೇನು ನೋಡ್ರಿ, ಅದು ಬ್ಯಾರೆ ಮಾತು” ಎಂದರು. ೧೯೩೧ರಲ್ಲಿ ಮಂಗಳೂರಿನಲ್ಲಿ ಹುಟ್ಟಿ ೨೦೧೯ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾದ ನಮ್ಮ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲೇ, ೨೦೦೯ರಲ್ಲಿ, ಬೇರೆ ಬ್ಯಾಂಕಿಗೆ ಹೋದರು. ಕರಾರಿನಂತೆ ಎರಡು ಲಕ್ಷ ರೂಪಾಯಿ ಕಟ್ಟಿ ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು. ೨೦೨೫ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಇಷ್ಟು ದಿನ ಇರು, ಇಲ್ಲವೆ ಇಷ್ಟು ಹಣ ಕಟ್ಟು ಎಂಬ ಷರತ್ತು ಕಸುಬಿಗೆ ತಡೆಯಲ್ಲವೆಂದು ತೀರ್ಪಾಯಿತು. ಸರಕಾರಿ ಬ್ಯಾಂಕು ಹೊಸಬರನ್ನು ಆರಿಸಲು ಮಾಡುವ ಖರ್ಚನ್ನು ನೋಡಿದರೆ ಆ ಮಾತನ್ನು ತೆಗೆದುಹಾಕುವಂತಿಲ್ಲ. ನಮ್ಮ ಹುಡುಗನ ಬಾಂಡು ಒಂದೇ ವರ್ಷದ್ದು, ಅದು ಎಂದೋ ಮುಗಿದಿತ್ತು.

ಅವನು ರಾಜೀನಾಮೆ ಕೊಟ್ಟು, ಒಂದು ತಿಂಗಳ ಮುದ್ದತು ಮುಗಿಸಿ, ಪಟ್ಟಿಯನ್ನೂ ಕಂಪನಿಯ ಮೊಬೈಲನ್ನೂ ಒಪ್ಪಿಸಿ ಪಾವತಿ ಬರೆಸಿಕೊಂಡು ಹೊಸ ಕೆಲಸಕ್ಕೆ ಸೇರಿದ. ಹದಿನೈದು ದಿನಕ್ಕೆ ವಕೀಲರ ನೋಟೀಸು ಬಂತು. ಎರಡು ರಾತ್ರಿ ಮನೆಯಲ್ಲಿ ಯಾರೂ ಮಲಗಲಿಲ್ಲವಂತೆ. ಮಿತ್ರರು ಒಂದು ಪುಟದ ಉತ್ತರ ಬರೆದರು. ಆ ಬಳಿಕ ಸದ್ದಿಲ್ಲ.

ಆದರೆ ಸೇರುವಾಗ ಕಂಪನಿಯವರು ಇಟ್ಟುಕೊಂಡ ಮೂಲ ಅಂಕಪಟ್ಟಿಗಳು ಇನ್ನೂ ಬಂದಿಲ್ಲ. ಪ್ರತಿ ಸೋಮವಾರ ಹೋಗಿ ಕೇಳಿ ಬರುತ್ತಾನೆ. ಈ ವಾರ, “ಕಪಾಟಿನ ಕೀಲಿ ಬೆಳಗಾವಿಯೊಳಗ ಐತಿ” ಅಂದರಂತೆ.